ಮಸಾಲೆ ತಗೊಂಡು ಬಾ, ಬಾಡು ಇಲ್ಲೇ ಸಿಗುತ್ತೆ

ತಂಗೀ, ಅಕ್ಕ ಅಂತ ಕರೆದು ಮೂರು ವಿಷಯ ಕೇಳಿದೀಯ. ಮೂಡಿಗೆರೆಯಿಂದ ಲೈಪ್‌ಜಿಗ್‌ಗೆ ಹೊರಡುವಾಗ ಅಮ್ಮ ಹುರಿದು ಒಣಗಿಸಿ ಕೊಡೋ ಹಂದಿ ಬಾಡನ್ನ ಬ್ಯಾಗಲ್ಲಿ ತರಬಹುದಾ, ಜರ್ಮನಿಯಲ್ಲಿ ತೊಗಲಿರೋ ಬಾಡು, ಲಿವರ್, ಕಾಲು, ಬೋಟಿ, ರಕ್ತ ಸಿಗುತ್ತಾ, ಸಿಕ್ಕರೆ ನಂಬಿ ತಿನ್ನಬಹುದಾ. ಮೊದಲನೆಯದಕ್ಕೆ ಒಂದೇ ಮಾತು: ಬೇಡ. ಉಳಿದೆರಡನ್ನ ಬಿಡಿಸಿ ಹೇಳ್ತೀನಿ.

ಭಾರತದಿಂದ ಯುರೋಪಿಯನ್ ಒಕ್ಕೂಟಕ್ಕೆ ಬರೋರು ಮಾಂಸ, ಹಾಲಿನ ಪದಾರ್ಥ ಏನನ್ನೂ ತರೋ ಹಾಗಿಲ್ಲ. ಮಗುವಿನ ಹಾಲಿನ ಪುಡಿಯಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಹುರಿದಿದ್ದು, ಉಪ್ಪಿನಕಾಯಿ ಹಾಕಿದ್ದು, ಡಬ್ಬಿಗೆ ಸೀಲ್ ಹೊಡೆಸಿದ್ದು ಅಂದರೂ ನಡೆಯಲ್ಲ. ತುಪ್ಪವೂ ಇದೇ ಲೆಕ್ಕಕ್ಕೆ ಬರುತ್ತೆ. ಸಿಕ್ಕಿಬಿದ್ದರೆ ಕಿತ್ತುಕೊಂಡು ನಾಶ ಮಾಡ್ತಾರೆ, ದಂಡವೂ ಬೀಳಬಹುದು. ಮೀನನ್ನ 20 ಕೆಜಿವರೆಗೆ, ಜೇನನ್ನ 2 ಕೆಜಿವರೆಗೆ ತರಬಹುದು.

ಇದು ಸುಮ್ಮನೆ ಮಾಡಿದ ಕಾನೂನಲ್ಲ. ನಮ್ಮ ಕಡೆ ಕಾಲುಬಾಯಿ ರೋಗ ಇದ್ದೇ ಇದೆ. ಆಫ್ರಿಕನ್ ಹಂದಿಜ್ವರ 2020ರಲ್ಲಿ ಅಸ್ಸಾಂ ಕಡೆಯಿಂದ ಭಾರತಕ್ಕೆ ಕಾಲಿಟ್ಟಿತು. ಇದು ಮನುಷ್ಯರಿಗೆ ಬರೋ ಹಂದಿಜ್ವರ ಅಲ್ಲ, ಬೇರೆ; ಇದರ ವೈರಸ್ ಮನುಷ್ಯರಿಗೆ ಏನೂ ಮಾಡಲ್ಲ, ಆದರೆ ಉಪ್ಪು ಹಾಕಿ ಒಣಗಿಸಿದ ಮಾಂಸದಲ್ಲಿ ತಿಂಗಳುಗಟ್ಟಲೆ, ಫ್ರೀಜರ್‌ನಲ್ಲಿ ವರ್ಷಗಟ್ಟಲೆ ಬದುಕಿರುತ್ತೆ. 2001ರಲ್ಲಿ ಬ್ರಿಟನ್ನಿನಲ್ಲಿ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನ ಕೊಲ್ಲಿಸಿದ ಕಾಲುಬಾಯಿ ರೋಗದ ಮೂಲ ಹುಡುಕಿದಾಗ ಸಿಕ್ಕಿದ್ದು, ಸರಿಯಾಗಿ ಕುದಿಸದ ಮುಸುರೆಯನ್ನ ಹಂದಿಗೆ ಹಾಕುತ್ತಿದ್ದ ಒಂದು ಫಾರ್ಮ್. ಜರ್ಮನಿಯಲ್ಲಿ 1988ರಿಂದ ಇಲ್ಲದಿದ್ದ ಅದೇ ರೋಗ 2025ರ ಜನವರಿಯಲ್ಲಿ ಬರ್ಲಿನ್ ಹತ್ತಿರ ಎಮ್ಮೆಗಳಲ್ಲಿ ಕಾಣಿಸಿಕೊಂಡಾಗ, ಕೆಲವೇ ದಿನಗಳಲ್ಲಿ ಬ್ರಿಟನ್, ದಕ್ಷಿಣ ಕೊರಿಯಾ ಇಲ್ಲಿನ ಮಾಂಸ ನಿಲ್ಲಿಸಿದವು.

ವ್ಯಾಪಾರದ ಕಥೆಯೂ ಇದಕ್ಕೇ ಗಂಟು ಬಿದ್ದಿದೆ. ಜರ್ಮನ್ನರು ಹೆಚ್ಚಾಗಿ ತಿನ್ನೋದು ತೊಡೆ, ಬೆನ್ನು, ಸಾಸೇಜು. ಕಾಲು, ಕಿವಿ, ಬಾಲ ಇವಕ್ಕೆಲ್ಲ ಚೀನಾ ದೊಡ್ಡ ಗಿರಾಕಿಯಾಗಿತ್ತು. 2020ರ ಸೆಪ್ಟೆಂಬರ್‌ನಲ್ಲಿ ಬರ್ಲಿನ್ ಸುತ್ತಲಿನ ಬ್ರಾಂಡೆನ್‌ಬುರ್ಗ್ ರಾಜ್ಯದಲ್ಲಿ ಸತ್ತುಬಿದ್ದಿದ್ದ ಒಂದು ಕಾಡುಹಂದಿಯಲ್ಲಿ ಆಫ್ರಿಕನ್ ಹಂದಿಜ್ವರ ಸಿಕ್ಕಿದ್ದೇ ಚೀನಾ ಬಾಗಿಲು ಹಾಕಿತು. ಇಲ್ಲಿ ಕೇಳೋರಿಲ್ಲದ ಭಾಗಕ್ಕೆ ಅಲ್ಲಿ ಬರುತ್ತಿದ್ದ ಬೆಲೆ ಹೋಯಿತು. ಅದಕ್ಕೇ ಈ ಭಾಗಗಳು ಈಗಲೂ ಅಗ್ಗ. ಅಗ್ಗ ಅಂದರೆ ಕಳಪೆ ಅಂತ ತಿಳ್ಕೋಬೇಡ. ಮನುಷ್ಯರಿಗೆ ಅಂತ ಮಾರೋ ಲಿವರ್, ಗುಂಡಿಗೆ, ಕಾಲನ್ನೂ ಪಶುವೈದ್ಯರ ತಪಾಸಣೆ ಮುಗಿದ ಮೇಲೇ ಹೊರಗೆ ಬಿಡೋದು.

ಈಗ ಕೊಳ್ಳೋ ವಿಷಯ. ಸೂಪರ್ ಮಾರ್ಕೆಟ್ ಪ್ಯಾಕೆಟ್‌ಗಳಲ್ಲಿ ಬಹುಪಾಲು ತೊಗಲು ತೆಗೆದಿರುತ್ತಾರೆ. ಅದನ್ನ ನೋಡಿ ನಿರಾಸೆ ಆಗಬೇಡ, ಮಾಂಸದಂಗಡಿಗೆ ಹೋಗು. ಲೈಪ್‌ಜಿಗ್ ಕಡೆ ಬೋರ್ಡಿನ ಮೇಲೆ ‘ಫ್ಲೈಶರೈ’ ಅಂತಿರುತ್ತೆ, ದಕ್ಷಿಣದ ಕಡೆ ‘ಮೆಟ್ಸ್‌ಗೆರೈ’. ಹಂದಿ ಕರಿಗೆ ‘ಶ್ವೈನೆಬೌಖ್ ಮಿಟ್ ಶ್ವಾರ್ಟೆ’ ಅಂತ ಕೇಳು, ತೊಗಲು ಸಮೇತ ಹೊಟ್ಟೆ ಭಾಗ ಕೊಡ್ತಾರೆ. ನೆಣ ಬೇಕಾದರೆ ‘ಗ್ರ್ಯೂನರ್ ಶ್ಪೆಕ್’. ಹಸಿರು ಅನ್ನೋ ಅರ್ಥದ ಆ ಪದ ಇಲ್ಲಿ ಉಪ್ಪು, ಹೊಗೆ ಏನೂ ತಾಗದ್ದು ಅಂತ. ಬರೀ ‘ಶ್ಪೆಕ್’ ಅಂದರೆ ಹೊಗೆ ಹಾಕಿದ್ದು ಕೈಗೆ ಬರುತ್ತೆ.

ಹೊಸಬರು ಮೋಸ ಹೋಗೋದು ಕಾಲಿನಲ್ಲಿ. ‘ಶ್ಪಿಟ್ಸ್‌ಬೈನ್’ ಅಂದರೆ ಗೊರಸಿನ ಕಡೆಯ ಪಾದ. ‘ಐಸ್‌ಬೈನ್’ ಅಂದರೆ ಮೊಣಕಾಲಿನ ಕೆಳಗಿನ ದಪ್ಪ ಭಾಗ. ಈ ಐಸ್‌ಬೈನನ್ನ ಇಲ್ಲಿ ಸಾಮಾನ್ಯವಾಗಿ ನೈಟ್ರೈಟ್ ಉಪ್ಪುನೀರಲ್ಲಿ ನೆನೆಸಿಟ್ಟಿರುತ್ತಾರೆ. ಗೊತ್ತಿಲ್ಲದೆ ತಂದು ಕರಿ ಮಾಡಿದರೆ ಎಷ್ಟು ಬೇಯಿಸಿದರೂ ಗುಲಾಬಿ ಬಣ್ಣ ಹೋಗಲ್ಲ, ಸಾರು ಬಾಯಿಗಿಡೋಕಾಗದಷ್ಟು ಉಪ್ಪಾಗುತ್ತೆ. ‘ಗೆಪೋಕೆಲ್ಟ್’ ಅಂದರೆ ಉಪ್ಪಲ್ಲಿ ನೆನೆಸಿದ್ದು, ‘ಫ್ರಿಶ್’ ಅಂದರೆ ಹಸಿಯದು, ಕೇಳಿ ತಗೋ. ‘ಕಾಸ್ಸೆಲರ್’ ಅಂತ ಬರೆದಿದ್ದರಂತೂ ಮುಟ್ಟಬೇಡ, ಅದು ಉಪ್ಪು, ಹೊಗೆ ಎರಡೂ ಆಗಿರೋದು. ಇನ್ನು ಕಿವಿ: ಬೇಕರಿಯಲ್ಲಿ ‘ಶ್ವೈನೆಓರ್’ ಅಂದರೆ ಸುರುಳಿ ಸುತ್ತಿದ ಸಿಹಿ ತಿಂಡಿ. ಸಾಕುಪ್ರಾಣಿ ಅಂಗಡಿಯಲ್ಲಿ ತೂಗುಹಾಕಿರೋ ಒಣ ಕಿವಿ ನಾಯಿಗೆ ಮಾತ್ರ, ಅದರ ಸಂಸ್ಕರಣೆಯ ನಿಯಮವೇ ಬೇರೆ, ಮನೆ ಅಡುಗೆಗೆ ತರಬೇಡ.

ಲಿವರ್, ಗುಂಡಿಗೆ, ನಾಲಿಗೆ ಕೇಳಿದರೆ ಸಿಗುತ್ತೆ. ರಕ್ತ ಮಾತ್ರ ಮುಂಚೆ ಹೇಳಿಡಬೇಕು, ಅದೂ ತಾವೇ ಕಡಿಯೋ ಅಂಗಡಿಗೆ. ಅವರ ಕಡಿಯೋ ದಿನ ಯಾವುದು ಅಂತ ತಿಳ್ಕೊಂಡು ಅವತ್ತೇ ತಂದು ಅವತ್ತೇ ಬೇಯಿಸು. ಚಳಿಗಾಲದಲ್ಲಿ ಅಂಥ ಅಂಗಡಿಗಳಲ್ಲಿ ‘ವೆಲ್‌ಫ್ಲೈಶ್’ ಇರುತ್ತೆ, ದೊಡ್ಡ ಹಂಡೆಯಲ್ಲಿ ಬೇಯಿಸಿದ ಹೊಟ್ಟೆ, ತಲೆ ಭಾಗದ ಬಾಡು. ನಮ್ಮೂರ ರುಚಿಗೆ ಇಲ್ಲಿ ಅತಿ ಹತ್ತಿರ ಬರೋದು ಅದೇ.

ಬೋಟಿ ಕಷ್ಟ. ಸಣ್ಣ ಕರುಳು ಸಾಸೇಜಿನ ಹೊದಿಕೆಗೆ ಹೋಗುತ್ತೆ, ಅದರ ಒಳಪದರದಿಂದ ಹೆಪಾರಿನ್ ಔಷಧಿ ತೆಗೀತಾರೆ. ಅಂಗಡಿಯವನು ಕೊಡೋ ಉಪ್ಪು ಹಾಕಿದ ‘ಡಾರ್ಮ್’ ಒಳಗೂ ಹೊರಗೂ ಕೆರೆದುಬಿಟ್ಟ ಬರೀ ತೆಳು ಪೊರೆ, ಫ್ರೈ ಮಾಡಿದರೆ ರಬ್ಬರಾಗುತ್ತೆ. ನಿಜವಾದ ಬೋಟಿ ಬೇಕಾದರೆ ವಿಯೆಟ್ನಾಮಿ ಅಂಗಡಿಯ ಫ್ರೀಜರ್ ನೋಡು. ಪೂರ್ವ ಜರ್ಮನಿ ಕಾಲದಲ್ಲಿ ಕೆಲಸಕ್ಕೆ ಬಂದವರು ನೆಲೆನಿಂತದ್ದರಿಂದ ಈ ಭಾಗದಲ್ಲಿ ಅವರ ಅಂಗಡಿಗಳು ಚೆನ್ನಾಗಿವೆ. ತಂದ ಬೋಟಿಯನ್ನ ತೊಳೆಯೋ ಮುಂಚೆಯೇ 5 ನಿಮಿಷ ಕುದಿಸಿ ಆ ನೀರು ಚೆಲ್ಲು, ಆಮೇಲೆ ಕ್ಲೀನ್ ಮಾಡು. ಹಸಿಯಾಗಿ ನಲ್ಲಿ ಕೆಳಗೆ ತೊಳೆದರೆ ಯೆರ್ಸಿನಿಯಾ ಅನ್ನೋ ಬ್ಯಾಕ್ಟೀರಿಯಾ ಸಿಂಕ್‌ಗೆಲ್ಲ ಸಿಡಿಯುತ್ತೆ, ಚಿಕ್ಕ ಮಕ್ಕಳಿಗೆ ರಕ್ತಭೇದಿ ತರುತ್ತೆ. ಅದು ಫ್ರಿಜ್ಜಿನ 4 ಡಿಗ್ರಿಯಲ್ಲೂ ಬೆಳೆಯುತ್ತೆ, ಆದ್ದರಿಂದ ಒಳಾಂಗ ಯಾವುದನ್ನೂ ಎರಡು ದಿನ ಮೀರಿ ಫ್ರಿಜ್ಜಲ್ಲಿಡಬೇಡ. ಕೈಯಲ್ಲಿ ಗಾಯ ಇದ್ದರೆ ಗ್ಲೌಸ್ ಹಾಕ್ಕೋ.

ಲಿವರ್ ಬಗ್ಗೆ ಎರಡು ಮಾತು ಗಟ್ಟಿಯಾಗಿ ಹೇಳಬೇಕು. ಯುರೋಪಿನ ಹಂದಿಗಳಲ್ಲಿ ಹೆಪಟೈಟಿಸ್ ಇ ವೈರಸ್ ಸಾಕಷ್ಟಿದೆ, ಅದು ಕೂರೋದೇ ಲಿವರ್‌ನಲ್ಲಿ. ಇದು ಹಠಮಾರಿ ವೈರಸ್. ಪ್ರಯೋಗವೊಂದರಲ್ಲಿ ಪೂರ್ತಿ ಸಾಯಿಸೋಕೆ 71 ಡಿಗ್ರಿಯಲ್ಲಿ 20 ನಿಮಿಷ ಬೇಕಾಯಿತು. ಇಲ್ಲಿನವರ ಹಾಗೆ ಹೊರಗೆ ಕೆಂಪಗೆ ಹುರಿದು ಒಳಗೆ ಗುಲಾಬಿ ಬಿಡಬೇಡ. ಬೆರಳು ದಪ್ಪದ ಚೂರು ಮಾಡಿ, ಮೆಣಸು ಮಸಾಲೆಯಲ್ಲಿ ಮುಚ್ಚಿ 20 ನಿಮಿಷ ಸಣ್ಣಗೆ ಕುದಿಸು. ನಮ್ಮ ಪದ್ಧತಿ ಇಲ್ಲಿ ನಿಜಕ್ಕೂ ಒಳ್ಳೇದು. ಎರಡನೇದು, 100 ಗ್ರಾಂ ಹಂದಿ ಲಿವರ್‌ನಲ್ಲಿ 6000 ಮೈಕ್ರೋಗ್ರಾಂ ಮೀರಿ ವಿಟಮಿನ್ ಎ ಇದೆ, ದೊಡ್ಡವರಿಗೆ ದಿನದ ಮಿತಿ 3000. ಬಸುರಿಯರು ಲಿವರ್ ತಿನ್ನಲೇಬಾರದು, ಮಗುವಿನ ಬೆಳವಣಿಗೆಗೆ ಅಪಾಯ.

ಬನ್ನಿನ ಮೇಲೆ ಹಸಿ ಕೈಮಾ ಹಚ್ಚಿ ಕೊಡೋ ‘ಹಾಕೆಪೇಟರ್’ ಆಫೀಸಿನ ತಿಂಡಿಯಲ್ಲಿ ಎದುರಾಗುತ್ತೆ. ಟ್ರೈಕಿನೆಲ್ಲಾ ಹುಳುವಿಗೆ ಹಂದಿಯ ವಪೆಯ (ಎದೆ, ಹೊಟ್ಟೆ ನಡುವಿನ ಮಾಂಸದ ಪರದೆ) ಚೂರು ತೆಗೆದು ಪರೀಕ್ಷೆ ಮಾಡೋದು ನಿಜ, ಆದರೆ ಆ ಪರೀಕ್ಷೆ ಯೆರ್ಸಿನಿಯಾವನ್ನಾಗಲಿ ಹೆಪಟೈಟಿಸ್ಸನ್ನಾಗಲಿ ನೋಡಲ್ಲ. ನಯವಾಗಿ ಬೇಡ ಅನ್ನು. ನಮ್ಮೂರಲ್ಲಿ ಹೆದರೋ ಲಾಡಿಹುಳುವಿನ ಮರಿ, ಅಂದರೆ ಬಾಡಿನಲ್ಲಿ ಅಕ್ಕಿಕಾಳಿನಂಥ ಬಿಳಿ ಗುಳ್ಳೆ, ಇಲ್ಲಿ ಕಾಣೋದೇ ಅಪರೂಪ. ಕೊಟ್ಟಿಗೆಯೊಳಗೇ ಬೆಳೆಯೋ ಹಂದಿಗೆ ಆ ಹುಳುವಿನ ಮೊಟ್ಟೆ ಇರೋ ಮನುಷ್ಯರ ಮಲ ಸಿಗಲ್ಲ.

ಅಡುಗೆಯಲ್ಲಿ ಒಂದು ಬದಲಾವಣೆ ಮಾಡ್ಕೋ. ಇಲ್ಲಿನ ಹಂದಿಯನ್ನ ಆರು ತಿಂಗಳಿಗೇ, ಸುಮಾರು 120 ಕೆಜಿಗೆ ಕಡೀತಾರೆ, ಬಾಡು ಮೆತ್ತಗೆ. ತೊಗಲಿರೋ ಹೊಟ್ಟೆ ಭಾಗಕ್ಕೆ ಕುಕ್ಕರ್ ಬೇಡ, ಎಣ್ಣೆಯೂ ಬೇಡ. ಉಪ್ಪು, ಅರಿಶಿನ ಹಾಕಿ ಮುಚ್ಚಿಟ್ಟರೆ ತನ್ನ ನೆಣದಲ್ಲೇ ಮುಕ್ಕಾಲು ಗಂಟೆಯಲ್ಲಿ ಬೇಯುತ್ತೆ. ಕಾಲಿಗೆ ಮಾತ್ರ ಕುಕ್ಕರ್, ಸಣ್ಣ ಉರಿಯಲ್ಲಿ ಅರ್ಧ ಗಂಟೆ.

ರಜಕ್ಕೆ ಊರಿಗೆ ಹೋಗುವಾಗ ಇಲ್ಲಿಂದ ಸಾಸೇಜು, ಹ್ಯಾಮ್ ಕಟ್ಟಿಕೊಂಡು ಹೋಗಬೇಡ. ಹಾಸನ, ಚಿಕ್ಕಮಗಳೂರು ಕಡೆ ಹೋಟೆಲ್ ಮುಸುರೆ ಹಾಕಿ ಹಂದಿ ಸಾಕೋರಿದ್ದಾರೆ. ತಟ್ಟೆಯಲ್ಲಿ ಉಳಿದ ಒಂದು ಚೂರು ಆ ಬಕೆಟ್ಟಿಗೆ ಬಿದ್ದರೆ ಸಾಕು, ಆಫ್ರಿಕನ್ ಹಂದಿಜ್ವರಕ್ಕೆ ಮದ್ದಿಲ್ಲ, ಬಂದರೆ ಇಡೀ ದೊಡ್ಡಿ ಖಾಲಿ.

ಬರುವಾಗ ಬ್ಯಾಗಲ್ಲಿ ಜಾಗ ಇದ್ದರೆ ಮನೆ ಮೆಣಸು, ಹುರಿದು ಪುಡಿ ಮಾಡಿದ ಮಸಾಲೆ, ಒಣಗಿಸಿದ ವಾಟೆಹುಳಿ ತಾ. ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಬಾಟಲಿಯನ್ನ ಚೆಕ್‌ಇನ್ ಬ್ಯಾಗಲ್ಲಿ ಎರಡು ಕವರ್ ಸುತ್ತಿಡು. ಹಸಿ ಕರಿಬೇವು ಬೇಡ, ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಅದನ್ನೂ ತೆಗೆದುಹಾಕ್ತಾರೆ.