ಅಂಬಾಸಿಡರ್ ಹೆಡ್ ಕಚ್ಕೊಂಡಿದೆ, ಉಳಿ ಕೊಟ್ಟು ಹೊಡೀಲಾ?

ಪ್ರಶ್ನೆ: ಸರ್, ನಮ್ಮ ತಂದೆಯವರ 1978ರ ಅಂಬಾಸಿಡರ್ ಮಾರ್ಕ್ 3 ಇದೆ, ಪೆಟ್ರೋಲ್ ಗಾಡಿ. ರೇಡಿಯೇಟರ್ ನೀರು ಖಾಲಿ ಆಗ್ತಿತ್ತು, ಹೊರಗೆ ಎಲ್ಲೂ ಸೋರ್ತಿಲ್ಲ, ಡಿಪ್‌ಸ್ಟಿಕ್ ಎಳೆದ್ರೆ ಆಯಿಲ್ ಹಾಲು ಹಾಕಿದ ಕಾಫಿ ಬಣ್ಣ. ಹೆಡ್ಡಿಗೂ (ಇಂಜಿನ್ ಮೇಲಿನ ಮುಚ್ಚಳ) ಬ್ಲಾಕಿಗೂ (ಅದರ ಕೆಳಗಿನ ಇಂಜಿನ್ ಒಡಲು) ನಡುವಿನ ಗ್ಯಾಸ್ಕೆಟ್ ಹೋಗಿದೆ ಅಂತ ನಾನೂ ತಮ್ಮನೂ ಸೇರಿ ಹೆಡ್ ಬಿಚ್ಚಕ್ಕೆ ಕೂತ್ವಿ. ನಟ್ ಎಲ್ಲಾ ತೆಗೆದಾಯ್ತು, ವಾಲ್ವ್ ಒತ್ತೋ ರಾಕರ್‌ಗಳ ಶಾಫ್ಟ್ ಹೊರಗೆ ಬಂತು, ಹೆಡ್ ಮಾತ್ರ ಎರಡು ದಿನದಿಂದ ಅಲ್ಲಾಡ್ತಿಲ್ಲ. ಸಂದಿಗೆ ಉಳಿ ಕೊಟ್ಟು ಹೊಡೀರಿ ಅಂತಾರೆ ಪಕ್ಕದ ಮನೆಯವರು. ಹೊಡೀಬಹುದಾ?
– ಓದುಗರು, ತಿಪಟೂರು

ಉತ್ತರ: ದಯವಿಟ್ಟು ಹೊಡೀಬೇಡಿ. ನಾನು ಕೆಲಸ ಕಲಿಯೋ ಕಾಲದಲ್ಲಿ ದೊಡ್ಡ ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಿದ್ದೆ, ಹೆಡ್ ಬಂತು, ಆದ್ರೆ ಬ್ಲಾಕ್ ಮೇಲೆ ಗೀರು ಬಿತ್ತು, ಹೊಸ ಗ್ಯಾಸ್ಕೆಟ್ ಹಾಕಿದ್ರೂ ಅಲ್ಲಿಂದ್ಲೇ ನೀರು ಜಿನುಗ್ತಿತ್ತು. ಹೆಡ್ ಆದ್ರೆ ಲೇತಿಗೆ ಕೊಟ್ಟು ಫೇಸಿಂಗ್ (ಮೈ ಸಮತಟ್ಟು) ಮಾಡಿಸ್ಬಹುದು, ಬ್ಲಾಕ್ ಕೆಟ್ರೆ ಇಂಜಿನ್ನೇ ಇಳಿಸ್ಬೇಕಾಗತ್ತೆ.

ನಿಮ್ಮದು 1489 ಸಿಸಿ ಬಿಎಂಸಿ (ಬ್ರಿಟಿಷ್ ಮೋಟರ್ ಕಾರ್ಪೊರೇಷನ್) ಬಿ ಸೀರೀಸ್ ಇಂಜಿನ್. ಬ್ಲಾಕಿನಿಂದ ಎದ್ದು ನಿಂತಿರೋ ಸ್ಟಡ್‌ಗಳು (ತಲೆ ಇಲ್ಲದ ಬೋಲ್ಟು) ಹೆಡ್ಡಿನ ತೂತಲ್ಲಿ ಹಾದು ಬರ್ತವೆ, ಇಷ್ಟು ವರ್ಷದ ತುಕ್ಕು ಆ ತೂತಲ್ಲೇ ಕೂತು ಹಿಡ್ಕೊಂಡಿರೋದು. ಮೊದಲು ನಟ್ ಎಣಿಸಿ, 11 ಬಂದಿರ್ಬೇಕು, ಹೊರಗಿನವು 7, ರಾಕರ್ ಶಾಫ್ಟ್ ಕೂರೋ ಪೆಡೆಸ್ಟಲನ್ನೂ ಹಿಡಿಯೋ ದೊಡ್ಡವು 4. ಎಣ್ಣೆ ಜಿಡ್ಡಿನ ಅಡಿ ಒಂದು ನಟ್ ಉಳಿದಿದ್ರೂ ಹೆಡ್ ಬರಲ್ಲ. ಈ 4 ರಾಕರ್ ನಟ್ ಹೆಡ್ಡನ್ನೂ ಹಿಡಿಯೋದ್ರಿಂದ ಹೊರಗಿನವನ್ನ ಬಿಗಿಯಾಗೇ ಬಿಟ್ಟು ಬರೀ ರಾಕರ್ ಬಿಚ್ಚಿದ್ರೆ ಹೆಡ್ ಸೊಟ್ಟಗಾಗೋ ಅಪಾಯ ಇದೆ, ಮುಂದೆ ಟ್ಯಾಪೆಟ್ (ವಾಲ್ವ್ ಸಂದಿ) ಸರಿ ಮಾಡಕ್ಕೆ ಅಂತ ರಾಕರ್ ತೆಗೆದಾಗ್ಲೂ ನೀರು ಬಸಿದು, ಎಲ್ಲಾ ನಟ್ಟನ್ನ ಸ್ವಲ್ಪ ಸ್ವಲ್ಪ ಸಡಿಲ ಮಾಡ್ಕೊಂಡೇ ಹೋಗಿ.

ಈಗ ಪ್ರತಿ ಸ್ಟಡ್ ಬುಡಕ್ಕೂ ತುಕ್ಕು ಬಿಡಿಸೋ ಎಣ್ಣೆ ಬಿಟ್ಟು ಒಂದಿಡೀ ದಿನ ನೆನೆಸಿ, ಸಂಜೆ ಇನ್ನೊಂದು ಸಲ ಬಿಡಿ. ಮರದ ತುಂಡು ಅಡ್ಡ ಕೊಟ್ಟು ಹೆಡ್ಡಿನ ಎರಡೂ ಪಕ್ಕ ಸುತ್ತಿಗೆಯಿಂದ ತಟ್ಟಿ. ಅದಕ್ಕೂ ಬರ್ಲಿಲ್ಲ ಅಂದ್ರೆ ನನಗೆ ಇವತ್ತಿಗೂ ಇಷ್ಟವಾದ ಉಪಾಯ ಹಗ್ಗದ್ದು. ಪುಷ್ ರಾಡ್ (ರಾಕರನ್ನ ಕೆಳಗಿಂದ ತಳ್ಳೋ ಕಡ್ಡಿ) ಎಲ್ಲಾ ಹೊರಗಿರ್ಬೇಕು, ಆಗ ವಾಲ್ವ್‌ಗಳು ಮುಚ್ಚಿರ್ತವೆ. ಪ್ಲಗ್ ನಾಲ್ಕೂ ತೆಗೀರಿ, 1 ಮತ್ತು 4ನೇ ಪಿಸ್ಟನ್ ಕೆಳಗಿರೋ ಹಾಗೆ ಮಾಡ್ಕೊಂಡು ಎರಡೂ ಪ್ಲಗ್ ತೂತಿಂದ ಮೆತ್ತನೆ ನೂಲಿನ ಹಗ್ಗ ತುಂಬಿಸಿ, ತುದಿ ಮಾತ್ರ ಹೊರಗೇ ಇರ್ಲಿ. ಆಮೇಲೆ ಮುಂದಿನ ಸ್ಟಾರ್ಟಿಂಗ್ ಹ್ಯಾಂಡಲ್ ಹಾಕಿ ಕೈಯಲ್ಲೇ ನಿಧಾನಕ್ಕೆ ತಿರುಗಿಸಿ. ಆ ಎರಡು ಪಿಸ್ಟನ್ ಒಟ್ಟಿಗೇ ಏಳೋದ್ರಿಂದ ಹೆಡ್ಡು ಎರಡೂ ತುದಿಯಲ್ಲಿ ಸಮನಾಗಿ ಎದ್ದೇಳತ್ತೆ. ಸ್ಟಾರ್ಟರ್ ಮೋಟರ್ ಮಾತ್ರ ಮುಟ್ಬೇಡಿ. ಎತ್ತುವಾಗ ನಿಮ್ಮ ತಮ್ಮನನ್ನ ಆ ಕಡೆ ನಿಲ್ಲಿಸ್ಕೊಳ್ಳಿ, ಅದು ಬೀಡಿನ (ಎರಕದ ಕಬ್ಬಿಣದ) ಹೆಡ್ಡು, ತೂಕ ಇದೆ, ನೆಟ್ಟಗೆ ಮೇಲಕ್ಕೆ ಬರ್ಬೇಕು.

ಪುಷ್ ರಾಡ್ 8ನ್ನೂ ರಟ್ಟಿಗೆ ಚುಚ್ಚಿ ನಂಬರ್ ಬರೆದಿಡಿ, ಎಲ್ಲಿಂದ ತೆಗೆದ್ರೋ ಅಲ್ಲಿಗೇ ವಾಪಸ್ ಹೋಗ್ಬೇಕು. ಹೊಸ ಗ್ಯಾಸ್ಕೆಟ್ಟಲ್ಲಿ ಟಾಪ್, ಫ್ರಂಟ್ ಅಂತ ಬರೆದಿದ್ರೆ ಅದೇ ಥರ ಕೂರಿಸಿ, ನಡುವಿನಿಂದ ಶುರು ಮಾಡಿ ಹೊರಗಡೆಗೆ ಬಿಗೀತಾ ಬನ್ನಿ. ಆಯಿಲ್ ಬದಲಾಯಿಸದೆ ಸ್ಟಾರ್ಟ್ ಮಾಡ್ಬೇಡಿ, ನೀರು ಬೆರೆತ ಆಯಿಲ್ ಬೇರಿಂಗ್ ತಿಂದುಹಾಕತ್ತೆ.

ಪ್ರಶ್ನೆ: ನಮ್ಮ ಪ್ರೀಮಿಯರ್ ಪದ್ಮಿನಿಗೂ ಇದೇ ಕ್ರಮನಾ ಸರ್?
– ಓದುಗರು, ಸಾಗರ

ಉತ್ತರ: ಹಗ್ಗದವರೆಗೂ ಹೋಗ್ಬೇಡಿ. ನಿಮ್ಮ ಗಾಡಿ ಹೆಡ್ಡು ಅಲ್ಯೂಮಿನಿಯಂ, ಬ್ಲಾಕ್ ಮಾತ್ರ ಬೀಡು. ಬಿಸಿ ಇರೋವಾಗ ನಟ್ ಮುಟ್ಟಿದ್ರೆ ಹೆಡ್ ಬಾಗತ್ತೆ, ಅದಕ್ಕೆ ರಾತ್ರಿ ನಿಲ್ಲಿಸಿ ಬೆಳಿಗ್ಗೆ ಪೂರ್ತಿ ತಣ್ಣಗಾದ ಮೇಲೇ ಕೈ ಹಾಕಿ. ತೆಗೆದ ಮೇಲೆ ನೇರ ಪಟ್ಟಿ ಇಟ್ಟು, ಬೆಳಕಿಗೆ ಹಿಡಿದು ಸಂದಿ ಕಾಣತ್ತಾ ನೋಡಿ, ಕಂಡ್ರೆ ಫೇಸಿಂಗ್ ಮಾಡಿಸ್ದೆ ವಾಪಸ್ ಕೂರಿಸ್ಬೇಡಿ.