ಮಳೆಯ ಹಾಡುಗಳ ಆಯ್ಕೆ ಹೇಗೆ?

ಪ್ರಶ್ನೆ: ಗೆಳೆಯರು ಐವರು ಸೇರಿ ಕಟ್ಟಿರುವ ನಮ್ಮ ಬ್ಯಾಂಡ್ ಶ್ರಾವಣದಲ್ಲಿ ‘ಮಳೆ’ಯನ್ನೇ ವಿಷಯವಾಗಿಟ್ಟುಕೊಂಡು ಒಂದೂವರೆ ಗಂಟೆಯ ಕಾರ್ಯಕ್ರಮ ನೀಡಲಿದೆ. ಮಳೆ ಎಂಬ ಪದವಿರುವ 22 ಹಾಡುಗಳನ್ನು ಪಟ್ಟಿ ಮಾಡಿದ್ದೇವೆ; ಹೆಚ್ಚಿನವು ಸಿನಿಮಾ ಹಾಡುಗಳು. ಶಿಶುನಾಳ ಶರೀಫರ ‘ಸೋರುತಿಹುದು ಮನೆಯ ಮಾಳಿಗಿ’ಯೂ ಇರಲೆಂಬುದು ನನ್ನ ಆಸೆ, ಅದು ಮಳೆಯ ಹಾಡೇ ಅಲ್ಲವೆಂದು ಗೆಳೆಯರು ವಾದಿಸುತ್ತಾರೆ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಗೆಳೆಯರ ಮಾತು ನಿಜ, ಆದರೂ ಆ ಹಾಡನ್ನು ಬಿಡಬೇಡಿ. ಶರೀಫರು ಹೇಳುವ ಮಾಳಿಗೆ ಸೋರುವುದು ‘ಅಜ್ಞಾನದಿಂದ’. ಮುರುಕು ತೊಲೆ, ಹುಳುಕು ಜಂತೆ ಎಂದು ಅವರು ಒಂದೊಂದಾಗಿ ತೋರಿಸುವುದು ನಮ್ಮ ಬಾಳಿನ ಮನೆಯನ್ನು. ಆದರೆ ಮಳೆಗಾಲದಲ್ಲಿ ಸೋರುವ ಸೂರಿನ ಕೆಳಗೆ ಕುಳಿತ ಅನುಭವವಿಲ್ಲದವರಿಗೆ ಈ ರೂಪಕ ಹೊಳೆಯಲಾರದು. ಆದ್ದರಿಂದ ಮಳೆಯ ಸಂಜೆಗೆ ಇದಕ್ಕಿಂತ ಆಳವಾದ ಹಾಡು ನನಗಂತೂ ತೋಚುತ್ತಿಲ್ಲ. ನನ್ನ ಕೋರಿಕೆ ಒಂದೇ: ಅದಕ್ಕೆ ಕೀಬೋರ್ಡಿನಿಂದ ಗುಡುಗು ಸಿಡಿಲಿನ ಸದ್ದು ಸೇರಿಸಬೇಡಿ, ಡ್ರಮ್ಸ್ ಅನ್ನು ಪೂರ್ತಿ ನಿಲ್ಲಿಸಿ, ಏಕತಾರಿಯೋ ಒಂದೇ ಗಿಟಾರೋ ಸಾಕು, ‘ಅಜ್ಞಾನದಿಂದ’ ಎಂಬ ಪದ ಕೊನೆಯ ಸಾಲಿನಲ್ಲಿ ಕುಳಿತವರಿಗೂ ಸ್ಪಷ್ಟವಾಗಿ ಕೇಳಿಸಲಿ.

ಉಳಿದ ಪಟ್ಟಿಯನ್ನೂ ಹೀಗೆಯೇ ಪರೀಕ್ಷಿಸಿ. ಹಾಡಿನಲ್ಲಿ ಮಳೆ ಎಂಬ ಪದವಿದೆಯೇ ಎಂದು ಕೇಳುವುದಕ್ಕಿಂತ, ಆ ಹಾಡಿನಲ್ಲಿ ಮಳೆ ಏನು ಮಾಡುತ್ತಿದೆ ಎಂದು ಕೇಳಿ. ‘ಹುಯ್ಯೋ ಹುಯ್ಯೋ ಮಳೆರಾಯ, ಹೂವಿನ ತೋಟಕೆ ನೀರಿಲ್ಲ’ ಎಂಬ ಜನಪದ ಹಾಡಿನಲ್ಲಿ ಮಳೆ ಇನ್ನೂ ಬಂದೇ ಇಲ್ಲ. ಬೇಂದ್ರೆಯವರ ‘ಇಳಿದು ಬಾ ತಾಯಿ’ ಗಂಗೆಯನ್ನು ಕರೆಯುವ ಹಾಡಾದರೂ ಅದೇ ಬಾಯಾರಿಕೆಯದು. ಕಾರ್ಯಕ್ರಮ ಈ ಕಾಯುವಿಕೆಯಿಂದ ಆರಂಭವಾಗಲಿ. ಬೇಂದ್ರೆಯವರದೇ ‘ಶ್ರಾವಣ ಬಂತು’ ಬರುವ ಹೊತ್ತಿಗೆ ವಾದ್ಯಗಳೆಲ್ಲ ಮೊದಲ ಬಾರಿಗೆ ಒಟ್ಟಾಗಿ ನುಡಿದರೆ, ಮಳೆ ಬಿತ್ತೆಂದು ನಿರೂಪಕರು ಬಾಯಿಬಿಟ್ಟು ಹೇಳಬೇಕಾಗಿಲ್ಲ. 2006ರ ‘ಮುಂಗಾರು ಮಳೆ’ ಚಿತ್ರದ ಹಾಡನ್ನು ಸಭಿಕರು ಕೇಳಿಯೇ ಕೇಳುತ್ತಾರೆ. ಅದು ಪ್ರೀತಿಯ ಮಳೆ, ನಡುವಿನಲ್ಲಿ ಇರಲಿ. ಆದರೆ ಅದೇ ಭಾವದ ಇನ್ನೂ ಐದಾರು ಸಿನಿಮಾ ಹಾಡುಗಳು ನಿಮ್ಮ ಪಟ್ಟಿಯಲ್ಲಿದ್ದರೆ ಎರಡನ್ನು ಮಾತ್ರ ಉಳಿಸಿಕೊಳ್ಳಿ. ಶರೀಫರ ಹಾಡು ಕೊನೆಗಿಂತ ಒಂದು ಹಾಡಿನ ಹಿಂದೆ ಇರಲಿ. ಅದರ ಮೌನದಿಂದ ಸಭೆಯನ್ನು ಮೇಲೆತ್ತಲು ಎಲ್ಲರೂ ದನಿಗೂಡಿಸಬಹುದಾದ ಒಂದು ಹಾಡು ಬೇಕಾಗುತ್ತದೆ. ಮೊದಲಿಗೆ ಹಾಡಿದ ಆ ಜನಪದ ಹಾಡನ್ನೇ ಆಗ ಮತ್ತೆ ಎತ್ತಿಕೊಳ್ಳಬಹುದು.

90 ನಿಮಿಷಕ್ಕೆ 22 ಹಾಡುಗಳು ಖಂಡಿತ ಹಿಡಿಸುವುದಿಲ್ಲ. ಹಾಡೊಂದಕ್ಕೆ ಐದು ನಿಮಿಷ, ನಡುವಿನ ಮಾತಿಗೂ ಶ್ರುತಿ ಸರಿಪಡಿಸಿಕೊಳ್ಳುವುದಕ್ಕೂ ಒಂದೂವರೆ ನಿಮಿಷ ಎಂದು ಲೆಕ್ಕ ಹಾಕಿದರೂ 13 ಹಾಡುಗಳಿಗೆ ಸಮಯ ಮುಗಿಯುತ್ತದೆ. ತಬಲ ಇದ್ದರೆ ಇನ್ನೊಂದು ಎಚ್ಚರಿಕೆ ಬೇಕು: ಗಾಯಕ ಒಂದೂವರೆ ಮನೆಯಲ್ಲಿಯೂ ಗಾಯಕಿ ಐದೂವರೆ ಮನೆಯಲ್ಲಿಯೂ (ಮನೆ ಎಂದರೆ ಹಾರ್ಮೋನಿಯಂನ ಮನೆಗಳಿಂದ ಎಣಿಸುವ ಆಧಾರ ಶ್ರುತಿ) ಹಾಡುವವರಾದರೆ, ಪ್ರತಿ ಹಾಡಿಗೂ ಶ್ರುತಿ ಬದಲಾಗುತ್ತಾ ಹೋದಾಗ ತಬಲ ವಾದಕರು ಸುತ್ತಿಗೆ ಹಿಡಿದೇ ಸಂಜೆ ಕಳೆಯಬೇಕಾಗುತ್ತದೆ. ಒಂದೇ ಶ್ರುತಿಯ ಎರಡು ಮೂರು ಹಾಡುಗಳು ಒಟ್ಟಿಗೆ ಬರುವಂತೆ ಜೋಡಿಸಿ, ಇಲ್ಲವೇ ಎರಡು ದಾಯಾಗಳನ್ನು (ತಬಲ ಜೋಡಿಯ ಬಲಗೈ ವಾದ್ಯ) ಮೊದಲೇ ಶ್ರುತಿಗೊಳಿಸಿಟ್ಟುಕೊಳ್ಳಿ.

ಹಕ್ಕುಸ್ವಾಮ್ಯದ ವಿಚಾರವನ್ನು ಆಯೋಜಕರೊಂದಿಗೆ ಈಗಲೇ ಮಾತನಾಡಿ. ಶರೀಫರು 1889ರಲ್ಲಿ ತೀರಿಕೊಂಡಿದ್ದರಿಂದ ಅವರ ಪದಗಳು ಎಲ್ಲರ ಸ್ವತ್ತು. ಬೇಂದ್ರೆಯವರು ನಿಧನರಾದದ್ದು 1981ರಲ್ಲಿ, ಕವಿಯ ಮರಣದ ನಂತರ 60 ವರ್ಷ ಹಕ್ಕು ಉಳಿಯುವುದರಿಂದ ಅವರ ಕವಿತೆಗಳಿಗೆ ಅನುಮತಿ ಬೇಕು. ಶರೀಫರ ಪದಕ್ಕೂ ಇತ್ತೀಚಿನ ಸಂಯೋಜಕರ ಧಾಟಿಯನ್ನು ಬಳಸುವುದಾದರೆ ಆ ಧಾಟಿಯ ಹಕ್ಕು ಬೇರೆಯೇ ಇರುತ್ತದೆ ಎಂಬುದನ್ನು ಮರೆಯಬೇಡಿ.