ಸಂಘದ ಹೆಸರಿನಲ್ಲಿ ಆಡಿದ ಮಾತಿಗೆ ಎಷ್ಟು ತೂಕ?

ಪ್ರಶ್ನೆ: ನಾನು ನಮ್ಮೂರಿನ ಓದುಗರ ಸಂಘದ ಕಾರ್ಯದರ್ಶಿ. ಊರ ಕೆರೆಯಂಗಳದಲ್ಲಿ ವಾಣಿಜ್ಯ ಮಳಿಗೆ ಕಟ್ಟುವ ಪ್ರಸ್ತಾವ ಬಂದಿದೆ. ಅದನ್ನು ವಿರೋಧಿಸಿ ಸಂಘದ ಹೆಸರಿನಲ್ಲಿ ಬಹಿರಂಗ ಹೇಳಿಕೆ ಕೊಡಬೇಕೆಂದಿದ್ದೇವೆ. "ಹೇಳಿಕೆಯಿಂದ ಏನಾಗುತ್ತದೆ? ಮರುದಿನ ಅದೇ ಪತ್ರಿಕೆಯಲ್ಲಿ ಬೋಂಡಾ ಕಟ್ಟಿಕೊಡುತ್ತಾರೆ" ಎನ್ನುತ್ತಾರೆ ನಮ್ಮ ಹಿರಿಯ ಸದಸ್ಯರೊಬ್ಬರು. ಬರೀ ಹೇಳಿಕೆಯನ್ನು ಹೋರಾಟ ಎನ್ನಬಹುದೇ?
(ಓದುಗರು, ಹಾಸನ ಜಿಲ್ಲೆ)

ಉತ್ತರ: ಎನ್ನಬಹುದು. ಅಹಿಂಸಾತ್ಮಕ ಹೋರಾಟವನ್ನೇ ಜೀವಮಾನದ ಅಧ್ಯಯನವಾಗಿಸಿಕೊಂಡ ಅಮೆರಿಕದ ವಿದ್ವಾಂಸ ಜೀನ್ ಶಾರ್ಪ್ 1973ರಲ್ಲಿ ಇಂಥ ಹೋರಾಟದ 198 ವಿಧಾನಗಳನ್ನು ಪಟ್ಟಿ ಮಾಡಿದರು. ಅದರಲ್ಲಿ ಸಂಘ ಸಂಸ್ಥೆಗಳ ಬಹಿರಂಗ ಘೋಷಣೆ ಮೂರನೆಯದು. ಆದರೂ ನಿಮ್ಮ ಹಿರಿಯರ ಸಂಶಯವನ್ನು ತಳ್ಳಿಹಾಕಬೇಡಿ. ಹೇಳಿಕೆ ಯಾವಾಗ ಹೋರಾಟವಾಗುತ್ತದೆ, ಯಾವಾಗ ಬರೀ ಕಾಗದವಾಗಿ ಉಳಿಯುತ್ತದೆ ಎಂಬುದನ್ನು ತಿಳಿಯಲು ನಾರ್ವೆಯ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

1940ರ ಏಪ್ರಿಲ್‌ನಲ್ಲಿ ನಾಜಿ ಜರ್ಮನಿ ನಾರ್ವೆಯ ಮೇಲೆ ದಂಡೆತ್ತಿ ಬಂತು. ಹಿಟ್ಲರನ ಪ್ರತಿನಿಧಿಯಾಗಿ ಟೆರ್ಬೋವನ್ ಎಂಬಾತ ಅಧಿಕಾರ ಹಿಡಿದ. ಅವನ ಬೆಂಬಲಕ್ಕೆ ನಿಂತದ್ದು ಕ್ವಿಸ್ಲಿಂಗ್ ಎಂಬ ಸ್ಥಳೀಯ ನಾಯಕನ ಪಕ್ಷ. ಕಾನೂನನ್ನು ಬದಿಗೊತ್ತಿ ಕಚೇರಿಗಳಲ್ಲಿ, ಶಾಲೆಗಳಲ್ಲಿ ಆ ಪಕ್ಷದವರನ್ನೇ ತುಂಬುವ ಕೆಲಸ ನಡೆಯಿತು. 1941ರ ಮೇ 15ರಂದು 43 ಸಂಘಟನೆಗಳು ಒಟ್ಟುಗೂಡಿ ಇದನ್ನು ಖಂಡಿಸಿ ಟೆರ್ಬೋವನ್‌ಗೆ ಪತ್ರ ಬರೆದವು. ಎಲ್ಲ ಸೇರಿ ಏಳು ಲಕ್ಷಕ್ಕೂ ಹೆಚ್ಚು ಸದಸ್ಯರು. ದೇಶದ ಜನಸಂಖ್ಯೆ ಆಗ ಮೂವತ್ತು ಲಕ್ಷದ ಆಸುಪಾಸು. ಜೂನ್ 18ರಂದು ಟೆರ್ಬೋವನ್ ಸಂಘಟನೆಗಳ ಮುಖಂಡರನ್ನು ಕರೆಸಿ ಗದರಿಸಿದ, ಕೆಲವರನ್ನು ಅಲ್ಲಿಯೇ ಬಂಧಿಸಿದ. ಕೆಲವು ಸಂಘಗಳು ರದ್ದಾದವು, ಉಳಿದವುಗಳ ತಲೆಯ ಮೇಲೆ ಪಕ್ಷದವರು ಬಂದು ಕೂತರು.

ಪತ್ರ ಸೋತಿತು ಎಂದೇ ಯಾರಾದರೂ ಹೇಳಿಯಾರು. ಆದರೆ ಹೊಸ ಯಜಮಾನರು ಬಂದು ಕೂತ ಸಂಘಗಳಿಂದ ಸದಸ್ಯರು ಗುಂಪುಗುಂಪಾಗಿ ಹೊರನಡೆದರು. ಪತ್ರ ಬರೆಯಲು ಕೂತು ಮಾತಾಡಿದ್ದವರ ನಡುವೆ ನಂಟು ಬೆಳೆದಿತ್ತು. ಅದು ಗುಟ್ಟಾಗಿ ಮುಂದುವರಿಯಿತು. ಎಂಟು ತಿಂಗಳ ಮೇಲೆ ಅದರ ಫಲ ಕಂಡಿತು.

1942ರ ಫೆಬ್ರವರಿಯಲ್ಲಿ ಕ್ವಿಸ್ಲಿಂಗ್ ಎಲ್ಲ ಶಿಕ್ಷಕರೂ ತನ್ನ ಹೊಸ ಶಿಕ್ಷಕರ ಸಂಘಕ್ಕೆ ಕಡ್ಡಾಯವಾಗಿ ಸೇರಬೇಕೆಂದು ಆಜ್ಞೆ ಹೊರಡಿಸಿದ. ಮಕ್ಕಳನ್ನು ಪಕ್ಷದ ಯುವದಳಕ್ಕೆ ತಯಾರು ಮಾಡುವುದು ಅದರ ಗುರಿ. ಮರೆಯಲ್ಲಿದ್ದ ಹಳೆಯ ಸಂಘದ ಮುಖಂಡರು ಕೆಲವೇ ಸಾಲುಗಳ ಒಂದು ಹೇಳಿಕೆ ಬರೆದರು. ಅದರಲ್ಲಿ ಬೈಗುಳವಿಲ್ಲ, ಬೆದರಿಕೆಯಿಲ್ಲ. ಆ ಯುವದಳದ ರೀತಿಯಲ್ಲಿ ಮಕ್ಕಳನ್ನು ಬೆಳೆಸುವುದು ನನ್ನ ಆತ್ಮಸಾಕ್ಷಿಗೆ ವಿರುದ್ಧ, ಆದ್ದರಿಂದ ಹೊಸ ಸಂಘದ ಸದಸ್ಯನೆಂದು ನನ್ನನ್ನು ನಾನು ಪರಿಗಣಿಸಲಾರೆ ಎಂಬುದಷ್ಟೇ ಅದರ ತಾತ್ಪರ್ಯ. ಆ ಒಕ್ಕಣೆ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಊರೂರು ಮುಟ್ಟಿತು. ಪ್ರತಿಯೊಬ್ಬರೂ ಅದನ್ನು ನಕಲು ಮಾಡಿ, ಕೆಳಗೆ ಸ್ವಂತ ಹೆಸರು ಮತ್ತು ವಿಳಾಸ ಬರೆದು, ಫೆಬ್ರವರಿ 20ರಂದೇ ಅಂಚೆಗೆ ಹಾಕಬೇಕೆಂದು ನಿಗದಿಯಾಗಿತ್ತು. ದೇಶದ ಶಿಕ್ಷಕರಲ್ಲಿ ಬಹುಪಾಲು ಜನ ಹಾಗೆಯೇ ಮಾಡಿದರು. ಒಂದೇ ಒಕ್ಕಣೆಯ ಕಾಗದಗಳು ಮೂಟೆಗಟ್ಟಲೆ ಬಂದು ಬಿದ್ದಾಗ ಯಾರನ್ನೆಂದು ಹೆಕ್ಕುವುದು?

ಶಾಲೆ ಬಿಸಿಮಾಡಲು ಉರುವಲಿಲ್ಲ ಎಂಬ ನೆಪ ಹೇಳಿ ಸರ್ಕಾರ ಶಾಲೆಗಳಿಗೆ ಒಂದು ತಿಂಗಳು ರಜೆ ಕೊಟ್ಟಿತು. ಒಂದು ಲಕ್ಷಕ್ಕೂ ಹೆಚ್ಚು ಪಾಲಕರು ಪ್ರತಿಭಟಿಸಿ ಪತ್ರ ಬರೆದರು. ಮಾರ್ಚ್‌ನಲ್ಲಿ ಸುಮಾರು 1,100 ಶಿಕ್ಷಕರ ಬಂಧನವಾಯಿತು. ಅವರಲ್ಲಿ ಸುಮಾರು 500 ಜನರನ್ನು ಹಡಗಿನಲ್ಲಿ ಉತ್ತರ ತುದಿಯ ಕಿರ್ಕೆನೆಸ್‌ಗೆ ಸಾಗಿಸಿ ಕೂಲಿಗೆ ಹಚ್ಚಿದರು. ಶಿಕ್ಷಕರು ಬಗ್ಗಲಿಲ್ಲ. ವರ್ಷ ಮುಗಿಯುವುದರೊಳಗೆ ಅವರು ಮನೆಗೆ ಮರಳಿದರು, ಹೊಸ ಸಂಘದ ಯೋಜನೆ ಅಲ್ಲಿಗೇ ನಿಂತಿತು.

ನಿಮ್ಮ ಕೆರೆಯ ವಿಷಯದಲ್ಲಿ ಜೈಲಿನ ಮಾತು ಬರಲಿಕ್ಕಿಲ್ಲ. ಆದರೆ ಪ್ರಶ್ನೆ ಅದೇ. ಹೇಳಿಕೆ ಹೊರಬಿದ್ದ ಮರುದಿನ ನಿಮ್ಮ ಸದಸ್ಯರು ಏನು ಮಾಡಲು ತಯಾರಿದ್ದಾರೆ? ಪುರಸಭೆಯ ಸಾಮಾನ್ಯ ಸಭೆಯ ದಿನ ನಲವತ್ತು ಜನ ಬಂದು ಕೂರುತ್ತಾರೆಯೇ? ಮಳಿಗೆ ಹರಾಜಿಗೆ ಬಂದರೆ ಕೂಗುವುದಿಲ್ಲ ಎಂದು ವರ್ತಕರಾದ ಸದಸ್ಯರು ಬರೆದುಕೊಡುತ್ತಾರೆಯೇ? ನಮ್ಮಲ್ಲಿ ಪತ್ರಿಕಾ ಹೇಳಿಕೆಗಳೆಲ್ಲ "ತೀವ್ರವಾಗಿ ಖಂಡಿಸುತ್ತೇವೆ" ಎಂದು ಶುರುವಾಗಿ "ತಪ್ಪಿದಲ್ಲಿ ಉಗ್ರ ಹೋರಾಟ ಅನಿವಾರ್ಯ" ಎಂದು ಮುಗಿಯುತ್ತವೆ. ಆ ಉಗ್ರ ಹೋರಾಟ ಬರುವುದಿಲ್ಲ ಎಂಬುದು ಅಧಿಕಾರಿಗೂ ಗೊತ್ತು, ಬರೆದವರಿಗೂ ಗೊತ್ತು. ನಿಮ್ಮ ಹಿರಿಯರು ಬೇಸತ್ತಿರುವುದು ಇಂಥ ಹೇಳಿಕೆಗಳಿಂದ ಎಂದು ನನಗನಿಸುತ್ತದೆ. ಮಾಡಲಾಗದ್ದನ್ನು ಬರೆಯಬೇಡಿ. "ಸಂಘದ ಸದಸ್ಯರಾರೂ ಈ ಮಳಿಗೆಗಳನ್ನು ಬಾಡಿಗೆಗೆ ಹಿಡಿಯುವುದಿಲ್ಲ" ಎಂಬ ಒಂದೇ ಸಾಲು ನಿಜವಾಗಿದ್ದರೆ ಹತ್ತು ಉಗ್ರ ಹೋರಾಟಗಳಿಗಿಂತ ಅದು ಗಟ್ಟಿ.

ಪ್ರಶ್ನೆ: ಹೇಳಿಕೆಯನ್ನು ಸಂಘದ ಹೆಸರಿನಲ್ಲೇ ಏಕೆ ಕೊಡಬೇಕು? ಇಷ್ಟವಿದ್ದವರು ವೈಯಕ್ತಿಕವಾಗಿ ಸಹಿ ಹಾಕಿದರೆ ಸಾಲದೇ? ನಮ್ಮ ಸಂಘದಲ್ಲಿ ಮೂರನೇ ಒಂದು ಭಾಗದಷ್ಟು ಸದಸ್ಯರಿಗೆ ಇಂಥ ವಿಷಯಕ್ಕೆ ಕೈಹಾಕುವುದೇ ಬೇಡವಾಗಿದೆ.
(ಓದುಗರು, ಮೈಸೂರು)

ಉತ್ತರ: ಎರಡೂ ಬೇರೆ ಬೇರೆ ವಿಧಾನಗಳು. ವ್ಯಕ್ತಿಯ ಸಹಿ ಅವನ ಮನಸ್ಸನ್ನು ಹೇಳುತ್ತದೆ. ಸಂಸ್ಥೆ ಮಾತಾಡಿದರೆ ಅದರ ಹೆಸರು, ಅದು ಗಳಿಸಿದ ವಿಶ್ವಾಸ ಎಲ್ಲವೂ ಪಣಕ್ಕೆ ಬೀಳುತ್ತವೆ. ಜನ ಸಂಸ್ಥೆಯ ಬಾಯಿಂದಲೇ ಮಾತು ಬರಲಿ ಎಂದು ಹಟ ಹಿಡಿಯುವುದು ಅದಕ್ಕಾಗಿ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರ ಹತ್ಯೆಯಾಯಿತು. ಅವರು ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದವರು. ಲೇಖಕರು ಒಬ್ಬೊಬ್ಬರಾಗಿ ಖಂಡಿಸಿದ್ದು ಸಾಕಾಗಲಿಲ್ಲ, ಅಕಾಡೆಮಿ ಏಕೆ ಸುಮ್ಮನಿದೆ ಎಂಬ ಪ್ರಶ್ನೆ ಎದ್ದಿತು. ಹಲವು ಭಾಷೆಗಳ ಲೇಖಕರು ಪ್ರಶಸ್ತಿಗಳನ್ನು ಹಿಂದಿರುಗಿಸಿದರು. ಅಕ್ಟೋಬರ್ 23ರಂದು ದೆಹಲಿಯಲ್ಲಿ ಕಪ್ಪುಪಟ್ಟಿ ಕಟ್ಟಿಕೊಂಡ ಲೇಖಕರು ಮೌನ ಮೆರವಣಿಗೆ ಹೊರಟ ದಿನವೇ ಅಕಾಡೆಮಿಯ ಕಾರ್ಯಕಾರಿ ಮಂಡಳಿ ಸಭೆ ಸೇರಿ ಹತ್ಯೆಯನ್ನು ಖಂಡಿಸುವ ನಿರ್ಣಯ ಅಂಗೀಕರಿಸಿತು. ಅದು ಬರಬೇಕಾದ ಹೊತ್ತಿಗೆ ಬರಲಿಲ್ಲ ಎಂಬ ನೋವು ಕನ್ನಡದ ಬರಹಗಾರರಲ್ಲಿ ಇವತ್ತಿಗೂ ಇದೆ; ನನಗೂ ಇದೆ.

ಇನ್ನು ನಿಮ್ಮ ಸಂಘದ ವಿಷಯ. ಮೂರನೇ ಒಂದು ಭಾಗ ಬೇಡವೆನ್ನುತ್ತಿರುವಾಗ ಅಧ್ಯಕ್ಷರು ಲೆಟರ್‌ಹೆಡ್ಡಿನ ಮೇಲೆ ಸಹಿ ಹಾಕಿ ಪತ್ರಿಕೆಗಳಿಗೆ ಕಳಿಸಿದರೆ ಮರುದಿನವೇ "ನಮಗೂ ಈ ಹೇಳಿಕೆಗೂ ಸಂಬಂಧವಿಲ್ಲ" ಎಂಬ ಪ್ರತಿಹೇಳಿಕೆ ಬರುತ್ತದೆ. ಆಗ ಮೂಲ ವಿಷಯ ಮರೆತುಹೋಗಿ ಸಂಘದ ಜಗಳವೇ ಸುದ್ದಿಯಾಗುತ್ತದೆ. ಬೈಲಾ ತೆಗೆದು ನೋಡಿ. ಇಂಥ ನಿರ್ಣಯವನ್ನು ಕಾರ್ಯಕಾರಿ ಸಮಿತಿ ಕೈಗೊಳ್ಳಬಹುದೋ ಸರ್ವ ಸದಸ್ಯರ ಸಭೆಯೇ ಬೇಕೋ ಎಂಬುದು ಅಲ್ಲಿರುತ್ತದೆ. ಸಮಿತಿಗೆ ಅಧಿಕಾರವಿದ್ದರೂ ಸರ್ವ ಸದಸ್ಯರ ಸಭೆ ಕರೆಯುವುದು ಒಳ್ಳೆಯದು. ಕರಡನ್ನು ಮೊದಲೇ ಹಂಚಿ, ಸಭೆಯಲ್ಲಿ ಸಾಲುಸಾಲಾಗಿ ಓದಿ. ವಿರೋಧಿಸಿದವರು ಬಯಸಿದರೆ ಅವರ ಅಭಿಪ್ರಾಯವನ್ನೂ ನಡಾವಳಿ ಪುಸ್ತಕದಲ್ಲಿ ದಾಖಲಿಸಿ. ಸರ್ಕಾರಿ ನೌಕರರಾದ ಸದಸ್ಯರಿಗೆ ನಡತೆ ನಿಯಮಗಳ ಅಡ್ಡಿ ಇರುತ್ತದೆ, ಅವರನ್ನು ಮುಜುಗರಕ್ಕೆ ಸಿಕ್ಕಿಸಬೇಡಿ. ಇಷ್ಟಾದ ಮೇಲೂ ದೊಡ್ಡ ಬಹುಮತ ಸಿಗದಿದ್ದರೆ ವೈಯಕ್ತಿಕ ಸಹಿಗಳ ದಾರಿಯೇ ಪ್ರಾಮಾಣಿಕವಾದದ್ದು.

ಒಟ್ಟಿಗೆ ಓದುವುದಕ್ಕೆ ನಮ್ಮ ದೇಶದಲ್ಲೇ ದೊಡ್ಡ ಮೇಲ್ಪಂಕ್ತಿ ಇದೆ. ಲಾಹೋರ್ ಅಧಿವೇಶನದಲ್ಲಿ ಕಾಂಗ್ರೆಸ್ ಪೂರ್ಣ ಸ್ವರಾಜ್ಯದ ನಿರ್ಣಯ ಮಾಡಿದ್ದು 1929ರ ಡಿಸೆಂಬರ್ ಕೊನೆಗೆ. ಅಲ್ಲಿಗೇ ಬಿಡದೆ, 1930ರ ಜನವರಿ 26ರಂದು ದೇಶದುದ್ದಕ್ಕೂ ಸಭೆ ಸೇರಿ ಆಯಾ ಭಾಷೆಗಳಲ್ಲಿ ಪ್ರತಿಜ್ಞೆ ಓದಿದರು. ಸ್ವಾತಂತ್ರ್ಯ ಬೇಕು ಎಂಬಲ್ಲಿಗೆ ಆ ಒಕ್ಕಣೆ ಮುಗಿಯುವುದಿಲ್ಲ. ಕರ ಕೊಡದಿರುವುದೂ ಸೇರಿದಂತೆ ಕಾನೂನುಭಂಗಕ್ಕೆ ಸಿದ್ಧರಾಗುತ್ತೇವೆ ಎಂಬ ಮಾತು ಅದರಲ್ಲೇ ಇದೆ. ಎರಡೂವರೆ ತಿಂಗಳಲ್ಲಿ, ಏಪ್ರಿಲ್ 13ರಂದು, ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಮುಂದೆ ಅಂಕೋಲೆ, ಸಿದ್ದಾಪುರದ ರೈತರು ಕರ ನಿರಾಕರಿಸಿ ಹೊಲಮನೆ ಕಳೆದುಕೊಂಡರು. ಸಭೆಯಲ್ಲಿ ಓದಿದ್ದಕ್ಕೆ ಅವರು ಹಾಗೆ ಬೆಲೆ ತೆತ್ತರು.

ಪ್ರಶ್ನೆ: ಸಂಸ್ಥೆಯ ಹೇಳಿಕೆಯಿಂದ ಕೋಪಗೊಂಡ ಸರ್ಕಾರ ಅಮಾಯಕರ ಮೇಲೆ ಸೇಡು ತೀರಿಸಿಕೊಂಡರೆ? ಆಗ ಸುಮ್ಮನಿರುವುದೇ ಮೇಲಲ್ಲವೇ?
(ಓದುಗರು, ಬೆಂಗಳೂರು)

ಉತ್ತರ: ಇದಕ್ಕೆ ಸುಲಭದ ಉತ್ತರವಿಲ್ಲ. 1942ರ ಜುಲೈನಲ್ಲಿ ನೆದರ್ಲೆಂಡ್ಸ್‌ನ ಚರ್ಚುಗಳು ಯಹೂದಿಗಳ ಗಡೀಪಾರನ್ನು ವಿರೋಧಿಸಿ ಜರ್ಮನ್ ಆಡಳಿತಕ್ಕೆ ತಂತಿ ಕಳಿಸಿದವು. ಬಹಿರಂಗವಾಗಿ ಓದದಿದ್ದರೆ ಕ್ರೈಸ್ತರಾಗಿ ಮತಾಂತರಗೊಂಡ ಯಹೂದಿಗಳನ್ನು ಬಿಡುತ್ತೇವೆ ಎಂಬ ಆಮಿಷ ಬಂತು. ಒಂದು ದೊಡ್ಡ ಪ್ರೊಟೆಸ್ಟಂಟ್ ಚರ್ಚು ಓದುವುದನ್ನು ಕೈಬಿಟ್ಟಿತು. ಕ್ಯಾಥೊಲಿಕ್ ಬಿಷಪರು ಜುಲೈ 26ರ ಭಾನುವಾರ ಚರ್ಚುಗಳಲ್ಲಿ ಅದನ್ನು ಓದಿಸಿದರು. ಆಗಸ್ಟ್ 2ರಂದು ಯಹೂದಿ ಮೂಲದ ಕ್ಯಾಥೊಲಿಕರನ್ನು ಹುಡುಕಿ ಬಂಧಿಸಲಾಯಿತು. ತತ್ತ್ವಶಾಸ್ತ್ರಜ್ಞೆಯಾಗಿದ್ದು ಸನ್ಯಾಸಿನಿಯಾದ ಈಡಿತ್ ಸ್ಟೈನ್ ಅವರಲ್ಲೊಬ್ಬರು. ಕೆಲವೇ ದಿನಗಳಲ್ಲಿ ಆಶ್ವಿಟ್ಜ್‌ನಲ್ಲಿ ಅವರನ್ನು ಕೊಂದರು.

ಬಿಷಪರು ಸುಮ್ಮನಿರಬೇಕಿತ್ತೇ? ನಾನು ಹಾಗೆ ಹೇಳಲಾರೆ. ಕೊಂದವರ ಪಾಪವನ್ನು ಮಾತಾಡಿದವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಬಾಯಿ ಮುಚ್ಚಿದ್ದರೆ ಉಳಿಯುವವರು ಮತಾಂತರಗೊಂಡ ಕೆಲವರಷ್ಟೇ, ಮಿಕ್ಕ ಲಕ್ಷದಷ್ಟು ಯಹೂದಿಗಳ ಬಗ್ಗೆ ಆ ಒಪ್ಪಂದದಲ್ಲಿ ಒಂದು ಅಕ್ಷರವೂ ಇರಲಿಲ್ಲ. ಆದರೂ ಹೇಳಿಕೆ ಬರೆಯುವವರು ಒಂದು ಮಾತನ್ನು ಮರೆಯಬಾರದು. ಪೆಟ್ಟು ಬಿದ್ದರೆ ಅದು ಯಾರ ಬೆನ್ನಿಗೆ ಬೀಳುತ್ತದೆ? ನಾರ್ವೆಯ ಶಿಕ್ಷಕರು ತಮ್ಮ ಬೆನ್ನನ್ನೇ ಒಡ್ಡಿದರು. ಪೆಟ್ಟು ಬೇರೆಯವರಿಗೆ ಬೀಳುವಂತಿದ್ದರೆ ಮೊದಲು ಅವರನ್ನು ಕೇಳಬೇಕು.

ಬಲ್ಗೇರಿಯಾದಲ್ಲಿ ಆದದ್ದೇ ಬೇರೆ. 1940ರ ಕೊನೆಯಲ್ಲಿ ಅಲ್ಲಿನ ಸರ್ಕಾರ ಯಹೂದಿಗಳ ಹಕ್ಕು ಕಸಿಯುವ ಮಸೂದೆ ತಂದಾಗ ಆರ್ಥೊಡಾಕ್ಸ್ ಚರ್ಚಿನ ಧರ್ಮಸಭೆ, ಲೇಖಕರ ಸಂಘ, ವಕೀಲರ ಮತ್ತು ವೈದ್ಯರ ಸಂಘಗಳು ಬಹಿರಂಗವಾಗಿ ವಿರೋಧಿಸಿದವು. ಮಸೂದೆ ಕಾಯ್ದೆಯಾಗಿಯೇ ಆಯಿತು. ಆದರೆ 1943ರ ಮಾರ್ಚ್‌ನಲ್ಲಿ ಗಡೀಪಾರಿಗೆ ರೈಲುಗಳು ಸಿದ್ಧವಾದಾಗ ಯಾರ ಬಾಗಿಲು ತಟ್ಟಬೇಕೆಂಬುದು ಜನಕ್ಕೆ ಗೊತ್ತಿತ್ತು. ಪ್ಲೊವ್ಡಿವ್‌ನ ಧರ್ಮಾಧ್ಯಕ್ಷ ಕಿರಿಲ್, ಸೋಫಿಯಾದ ಸ್ತೆಫಾನ್, ಸಂಸತ್ತಿನ ಉಪಾಧ್ಯಕ್ಷ ದಿಮಿತರ್ ಪೆಷೆವ್ ಅಡ್ಡ ನಿಂತರು. ಬಲ್ಗೇರಿಯಾದ ಸುಮಾರು 48,000 ಯಹೂದಿಗಳು ಉಳಿದರು. ಅದೇ ಬಲ್ಗೇರಿಯಾ ಆಕ್ರಮಿಸಿಕೊಂಡಿದ್ದ ಥ್ರೇಸ್ ಮತ್ತು ಮ್ಯಾಸಿಡೋನಿಯಾಗಳಿಂದ 11,000ಕ್ಕೂ ಹೆಚ್ಚು ಜನರನ್ನು ಸಾವಿಗೆ ಕಳಿಸಲಾಯಿತು ಎಂಬುದನ್ನೂ ಜೊತೆಗೇ ಹೇಳಬೇಕು.

ಪ್ರಶ್ನೆ: ಗ್ರಾಮಸಭೆಯ ನಿರ್ಣಯವನ್ನೂ ಹೀಗೆ ಬಳಸಬಹುದೇ? ನಮ್ಮ ಊರಿನ ಪಕ್ಕದ ಗುಡ್ಡದಲ್ಲಿ ಕಲ್ಲುಗಣಿ ಬರುತ್ತದೆ ಎಂಬ ಸುದ್ದಿ ಇದೆ.
(ಓದುಗರು, ಉತ್ತರ ಕನ್ನಡ ಜಿಲ್ಲೆ)

ಉತ್ತರ: ಖಂಡಿತ. ಒಡಿಶಾದ ನಿಯಮಗಿರಿ ಬೆಟ್ಟದ ಬಾಕ್ಸೈಟ್ ಗಣಿಯ ಪ್ರಕರಣದಲ್ಲಿ 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಗ್ರಾಮಸಭೆಗಳ ಅಭಿಪ್ರಾಯ ಕೇಳಲು ಆದೇಶಿಸಿತು. ನೂರಕ್ಕೂ ಹೆಚ್ಚು ಹಳ್ಳಿಗಳಿದ್ದರೂ ರಾಜ್ಯ ಸರ್ಕಾರ ಆರಿಸಿದ್ದು 12 ಮಾತ್ರ. ಆ ಹನ್ನೆರಡೂ ಹಳ್ಳಿಗಳು ನ್ಯಾಯಾಧೀಶರ ಎದುರಿನಲ್ಲೇ ಬೇಡ ಎಂದವು. 2014ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಅನುಮತಿ ನಿರಾಕರಿಸಿತು. ಅಲ್ಲಿ ಅರಣ್ಯ ಹಕ್ಕು ಕಾಯ್ದೆಯ ಬಲವಿತ್ತು. ನಿಮ್ಮ ಗುಡ್ಡ ಅರಣ್ಯವೋ ಗೋಮಾಳವೋ ಖಾಸಗಿಯೋ ಎಂಬುದನ್ನು ಮೊದಲು ಪಹಣಿ ತೆಗೆಸಿ ನೋಡಿ. ಕಾನೂನಿನ ಬಲ ಎಷ್ಟೆಂಬುದು ಅದರ ಮೇಲೆ ನಿಂತಿದೆ.

ಸಭೆಯ ದಿನ ಹೆಂಗಸರು ಬರಲಿ, ಗುಡ್ಡಕ್ಕೆ ದನ ಹೊಡೆಯುವವರೂ ಸೊಪ್ಪು ತರುವವರೂ ಬರಲಿ. ನಿರ್ಣಯದಲ್ಲಿ ಸರ್ವೆ ನಂಬರ್, ಗುಡ್ಡದಿಂದ ಇಳಿಯುವ ನೀರಿನ ಒರತೆ, ಅದನ್ನು ನಂಬಿದ ಮನೆಗಳ ಸಂಖ್ಯೆ ಇರಲಿ. ಸಭೆ ಮುಗಿಯುವ ಮೊದಲೇ ಅದನ್ನು ಗಟ್ಟಿಯಾಗಿ ಓದಿಸಿ ಸಹಿ, ಹೆಬ್ಬೆಟ್ಟು ಹಾಕಿಸಿ. "ಆಮೇಲೆ ಬರೆದುಕೊಳ್ಳುತ್ತೇವೆ" ಎಂದರೆ ಒಪ್ಪಬೇಡಿ. ಆಮೇಲೆ ಬರೆದ ನಡಾವಳಿಯಲ್ಲಿ "ಚರ್ಚಿಸಲಾಯಿತು" ಎಂಬ ಒಂದೇ ಪದ ಉಳಿದುಬಿಡಬಹುದು. ದೃಢೀಕೃತ ನಕಲನ್ನು ಪಿಡಿಒ ಅವರಿಂದ ಪಡೆದು ಗಣಿ ಮತ್ತು ಭೂವಿಜ್ಞಾನ ಇಲಾಖೆಗೂ ಜಿಲ್ಲಾಧಿಕಾರಿಗೂ ಕೊಡಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಗುತ್ತಿಗೆಯ ಅರ್ಜಿ ವಿಲೇವಾರಿಯಾಗುವ ಮೊದಲೇ ಇದೆಲ್ಲ ಆಗಬೇಕು, ಆದ್ದರಿಂದ ಮುಂದಿನ ಗ್ರಾಮಸಭೆಗೆ ಕಾಯದೆ ವಿಶೇಷ ಸಭೆ ಕರೆಯುವಂತೆ ಈ ವಾರವೇ ಬರೆದು ಕೇಳಿ.